ವಿಜ್ಞಾನದ ಸಂಗತಿಗಳು ನೆನಪಿನಲ್ಲಿ ಉಳಿಯಲು ಎಂತಹ ಪ್ರಶ್ನೆ ಕೇಳಬೇಕು?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಹೃದಯದಿಂದ ರಕ್ತವನ್ನು ಒಯ್ಯುವ ಅಪಧಮನಿಯ ಭಿತ್ತಿ ದಪ್ಪ, ಹೃದಯಕ್ಕೆ ರಕ್ತವನ್ನು ಮರಳಿ ತರುವ ಅಭಿಧಮನಿಯದು ತೆಳು ಎಂದು ಮಕ್ಕಳು ತರಗತಿಯಲ್ಲಿ ಸರಿಯಾಗಿಯೇ ಒಪ್ಪಿಸುತ್ತಾರೆ. ವಾರ ಕಳೆದರೆ ಅದಲುಬದಲು ಮಾಡುತ್ತಾರೆ. ಪರಿಹಾರವೇನು?
– ಓರ್ವ ಶಿಕ್ಷಕಿ, ಹಾಸನ

ಉತ್ತರ: ಸಂಗತಿಯನ್ನು ಹೇಳಿದ ಕೂಡಲೇ ‘ಅದು ಹಾಗೇಕೆ ಇರಬೇಕು?’ ಎಂದು ಕೇಳಿರಿ. ಹೃದಯ ಸಂಕುಚಿಸಿದಾಗ ರಕ್ತವು ಹೆಚ್ಚಿನ ಒತ್ತಡದಿಂದ ಅಪಧಮನಿಗೆ ನುಗ್ಗುವುದರಿಂದ ಅದರ ಭಿತ್ತಿ ದಪ್ಪವಾಗಿರಬೇಕು, ಮರಳಿ ಬರುವ ರಕ್ತದ ಒತ್ತಡ ಕಡಿಮೆಯಾದ್ದರಿಂದ ಅಭಿಧಮನಿಗೆ ತೆಳುಭಿತ್ತಿ ಸಾಕು, ಆದರೆ ರಕ್ತ ಹಿಂದಕ್ಕೆ ಹರಿಯದಂತೆ ಕವಾಟಗಳು ಬೇಕು ಎಂದು ಮಗು ತಾನೇ ತರ್ಕಿಸಿದರೆ, ಬಿಡಿಬಿಡಿಯಾಗಿದ್ದ ಸಂಗತಿಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಆದರೆ ಒತ್ತಡದ ಕಲ್ಪನೆಯೇ ಇಲ್ಲದ ಮಗುವಿಗೆ ಈ ಪ್ರಶ್ನೆ ಬರಿಯ ಊಹೆಯಾಗುತ್ತದೆ. ಮೊದಲು ಆ ತಳಹದಿ ಹಾಕಿರಿ.

ಕೇಳಿದ ಮೇಲೆ ಕಾಯುವುದೂ ಮುಖ್ಯ. ಶಿಕ್ಷಕರು ಉತ್ತರಕ್ಕಾಗಿ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆಂದೂ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರಗಳು ದೀರ್ಘವೂ ತರ್ಕಬದ್ಧವೂ ಆಗುತ್ತವೆಂದೂ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತೋರಿಸಿಕೊಟ್ಟರು. ಆ ಮೌನ ಶಿಕ್ಷಕರಿಗೆ ಕಷ್ಟವೆನಿಸುತ್ತದೆ, ದಯವಿಟ್ಟು ಸಹಿಸಿಕೊಳ್ಳಿರಿ.

ಇನ್ನು ಮರೆವಿನ ಮಾತು. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಪಾಠವನ್ನು ಮತ್ತೆ ಓದಿದ ವಿದ್ಯಾರ್ಥಿಗಳು ವಾರದ ನಂತರ ಶೇ. 42ರಷ್ಟನ್ನೂ, ಪುಸ್ತಕ ನೋಡದೆ ನೆನಪಿಸಿಕೊಂಡು ಬರೆದವರು ಶೇ. 56ರಷ್ಟನ್ನೂ ಉಳಿಸಿಕೊಂಡಿದ್ದರು. ಆದ್ದರಿಂದ ಕಳೆದ ವಾರದ ಪಾಠದ ಎರಡು ಪ್ರಶ್ನೆಗಳಿಂದ ತರಗತಿಯನ್ನು ಆರಂಭಿಸಿ, ಎಲ್ಲರೂ ನೋಟ್‌ಬುಕ್ಕಿನಲ್ಲಿ ಉತ್ತರ ಬರೆದ ಮೇಲೆ ಸರಿಯುತ್ತರವನ್ನು ತಿಳಿಸಿರಿ; ಆದರೆ ಇದಕ್ಕೆ ಅಂಕ ಕೊಡಬೇಡಿರಿ.