ಊರಿನ ಮಾಲು ವಿದೇಶಕ್ಕೆ ಹೋದರೆ ಲಾಭ ಯಾರಿಗೆ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಮುಂಬೈ, ಪುಣೆ, ಗೋವಾದಲ್ಲಿರುವ ನಮ್ಮವರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಊರಿನ ಮಾಲು, ಊರಿನ ಜನರ ಬಗ್ಗೆ. ಅವುಗಳಲ್ಲಿ ಮೂರಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮಸ್ಕಾರ ಸರ್. ನಾನಿರುವುದು ಡೊಂಬಿವಲಿಯಲ್ಲಿ, ತವರು ಬ್ಯಾಡಗಿ ಹತ್ತಿರದ ಹಳ್ಳಿ. ಅಣ್ಣನಿಗೆ ಎರಡೂವರೆ ಎಕರೆ ಮೆಣಸಿನ ಹೊಲ ಇದೆ. ಅತ್ತಿಗೆ ಮತ್ತು ಅಕ್ಕಪಕ್ಕದ ಮನೆಯ ಹೆಂಗಸರು ಸ್ವಸಹಾಯ ಸಂಘ ಕಟ್ಟಿಕೊಂಡು ಖಾರದ ಪುಡಿ ಮಾಡುತ್ತಾರೆ. ವಾಶಿಯ ವ್ಯಾಪಾರಿಯೊಬ್ಬರು "ಪುಡಿ ಜರ್ಮನಿಗೆ ಕಳಿಸೋಣ, ಒಳ್ಳೆ ರೇಟ್ ಸಿಗುತ್ತೆ" ಅನ್ನುತ್ತಿದ್ದಾರೆ. ಅವರನ್ನು ಬಿಟ್ಟು ನಾವೇ ಲೈಸೆನ್ಸ್ ಮಾಡಿಸಿದರೆ ಅಣ್ಣನಿಗೆ ಜಾಸ್ತಿ ಸಿಗುತ್ತದಾ?

ಉತ್ತರ: ಲೈಸೆನ್ಸ್ ಮಾಡಿಸುವುದು ಕಷ್ಟವಲ್ಲ. ಐಇಸಿ ಎಂಬ ಆಮದು-ರಫ್ತು ಕೋಡ್‌ಗೆ ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ಶುಲ್ಕ ₹500. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದರ ವಿವರ ಅಪ್‌ಡೇಟ್ ಮಾಡಬೇಕು, ಮರೆತರೆ ಕೋಡ್ ನಿಂತುಹೋಗುತ್ತದೆ. ಮೆಣಸಿನಕಾಯಿಗೆ ಕೇಂದ್ರ ಸರ್ಕಾರದ ಸ್ಪೈಸಸ್ ಬೋರ್ಡಿನ (ಮಸಾಲೆ ಮಂಡಳಿ) ರಫ್ತುದಾರರ ನೋಂದಣಿಯೂ ಬೇಕು, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಲೈಸೆನ್ಸೂ ಬೇಕು. ಆದರೆ ಇದೆಲ್ಲ ಕೈಗೆ ಬಂದ ಮೇಲೂ ಅಣ್ಣನ ಲಾಭ ಒಂದು ರೂಪಾಯಿ ಹೆಚ್ಚಾಗಿರುವುದಿಲ್ಲ. ಲಾಭ ನಿಂತಿರುವುದು ಬೇರೆ ಕಡೆ. ತನ್ನ ಮಾಲಿನ ಗುಣಮಟ್ಟ ಏನು ಅನ್ನುವುದು ರೈತನಿಗೆ ಮೊದಲು ಗೊತ್ತಾಗುತ್ತದೋ, ಕೊಳ್ಳುವವನಿಗೆ ಮೊದಲು ಗೊತ್ತಾಗುತ್ತದೋ? ಎಲ್ಲ ಅದರ ಮೇಲೆಯೇ ಇದೆ.

ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ಅದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಗಟ್ಟಿ ಸಾರ ತಿಂಡಿ ತಿನಿಸಿಗೂ ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಆ ಬಣ್ಣಕ್ಕೆ ಲ್ಯಾಬಿನಲ್ಲಿ ಒಂದು ಅಳತೆ ಇದೆ, ಆಸ್ತಾ ಅಂತ. ದೊಡ್ಡ ಖರೀದಿದಾರ ಆ ನಂಬರ್ ನೋಡಿಯೇ ರೇಟ್ ಹೇಳುತ್ತಾನೆ. ನಮ್ಮ ರೈತ ಮಾತ್ರ "ಕಾಯಿ ಚೆಂದ ಐತ್ರಿ" ಅಂದುಕೊಂಡು ಚೀಲ ಇಳಿಸುತ್ತಾನೆ. ಹಾಗಾಗಿ ಮೊದಲ ಖರ್ಚು ಲೈಸೆನ್ಸಿಗಲ್ಲ, ಲ್ಯಾಬ್ ವರದಿಗೆ ಮಾಡಿ. ಸ್ಪೈಸಸ್ ಬೋರ್ಡಿನ ಪರೀಕ್ಷಾ ಲ್ಯಾಬ್ ಮುಂಬೈಯಲ್ಲೇ ಇದೆ. ಊರಿಂದ ಸ್ಯಾಂಪಲ್ ತರಿಸಿ ಕೊಡುವ ಕೆಲಸ ನೀವೇ ಮಾಡಬಹುದು. ಅಣ್ಣನಿಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ ಅಂತ ನನಗೆ ಅನ್ನಿಸುತ್ತದೆ.

ಇನ್ನು ಪುಡಿಯ ವಿಷಯ. ಜರ್ಮನಿಗೆ ಪುಡಿ ಕಳಿಸುವ ಆಲೋಚನೆಯನ್ನು ಈಗ ಬಿಡಿ. 2003ರಲ್ಲಿ ಭಾರತದಿಂದ ಹೋದ ಖಾರದ ಪುಡಿಯಲ್ಲಿ ಸುಡಾನ್ ಎಂಬ ನಿಷೇಧಿತ ಬಣ್ಣ ಯುರೋಪಿನಲ್ಲಿ ಸಿಕ್ಕಿಬಿತ್ತು. 2005ರಲ್ಲಿ ಇಂಗ್ಲೆಂಡಿನ ಅಂಗಡಿಗಳಿಂದ ನೂರಾರು ಬಗೆಯ ತಿನಿಸು ವಾಪಸ್ ತೆಗೆಯಬೇಕಾಯಿತು. ಪುಡಿ ಅಂದರೆ ಅಲ್ಲಿಯವರಿಗೆ ಅವತ್ತಿನಿಂದಲೂ ಅನುಮಾನ. ಒಳಗೆ ಏನು ಬೆರೆತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ, ಅಲ್ವಾ? ನಿಮ್ಮ ಅತ್ತಿಗೆ ಯಾವ ಬಣ್ಣವನ್ನೂ ಹಾಕುವವರಲ್ಲ. ಆದರೆ ಅದೇ ಗಿರಣಿಯಲ್ಲಿ ಹಿಂದಿನ ದಿನ ಯಾರದ್ದೋ ಪುಡಿ ಬೀಸಿರುತ್ತಾರೆ. ತೊಟ್ಟು ತೆಗೆದ ಇಡೀ ಕಾಯಿ ಮಾರುವುದೇ ಸದ್ಯಕ್ಕೆ ಸುರಕ್ಷಿತ. ತೊಟ್ಟು ಬಿಡಿಸುವ ಕೂಲಿ ಸಂಘದ ಹೆಂಗಸರಿಗೇ ಸಿಗುತ್ತದೆ. ಪುಡಿಯನ್ನು ಮುಂಬೈಯ ನಮ್ಮವರಿಗೆ ಮಾರಿ, ಇಲ್ಲಿ ಗಿರಾಕಿಗಳಿಗೇನೂ ಕಮ್ಮಿ ಇಲ್ಲ.

ಇಡೀ ಕಾಯಿಗೂ ಒಂದು ಶತ್ರು ಇದೆ. ಅದು ಅಫ್ಲಾಟಾಕ್ಸಿನ್, ಬೂಷ್ಟಿನಿಂದ ಹುಟ್ಟುವ ವಿಷ. ಯುರೋಪಿನ ಮಿತಿ ಕಿಲೋಗೆ ಒಟ್ಟು 10 ಮೈಕ್ರೋಗ್ರಾಂ. ಸಾವಿರ ಟನ್ ಮೆಣಸಿನಕಾಯಿಯಲ್ಲಿ 10 ಗ್ರಾಂ ಅಂದರೆ ಅಂದಾಜು ಸಿಗಬಹುದು. ಈ ವಿಷ ಸೇರುವುದು ಹಡಗಿನಲ್ಲಲ್ಲ, ಹೆಚ್ಚಾಗಿ ಕಣದಲ್ಲೇ. ಹಣ್ಣುಗಾಯಿಯನ್ನು ಬರಿ ನೆಲದ ಮೇಲೆ ಹರವಿದಾಗ, ರಾತ್ರಿ ಇಬ್ಬನಿ ಬಿದ್ದಾಗ, ಮಳೆ ಹನಿ ಬಿದ್ದ ರಾಶಿಯನ್ನು ಗಡಿಬಿಡಿಯಲ್ಲಿ ಗುಡ್ಡೆ ಹಾಕಿದಾಗ. ಇನ್ನೊಂದು ಕೆಟ್ಟ ಅಭ್ಯಾಸವೂ ಇದೆ. ಚೀಲ ತುಂಬುವಾಗ ಕಾಯಿ ಮುರಿಯಬಾರದು ಅಂತ ನೀರು ಚಿಮುಕಿಸುತ್ತಾರೆ. ತೂಕವೂ ಸ್ವಲ್ಪ ಏರುತ್ತದೆ ಅನ್ನಿ. ಆ ಚೀಲದ ತಳಕ್ಕೆ ಕೈ ಹಾಕಿ ನೋಡಿ. ಮೇಲಿನ ಕಾಯಿ ಗರಿಗರಿ ಇರುತ್ತದೆ, ತಳದ್ದು ಮೆತ್ತಗೆ, ಮುರಿದರೆ ಒಳಗೆ ಬೀಜದ ಸುತ್ತ ಬೂದು ಬಣ್ಣದ ನಾರು ನಾರು. ಅಂಥ ನಾಲ್ಕು ಚೀಲ ಸಾಕು, ಇಡೀ ಲಾಟ್ ತಿರಸ್ಕಾರವಾಗುತ್ತದೆ.

ತಾಡಪತ್ರಿ ಮೇಲೆ ತೆಳ್ಳಗೆ ಹರವಬೇಕು, ಸಂಜೆ ಮುಚ್ಚಬೇಕು. ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿದರೆ ಬೀಜ ಸದ್ದು ಮಾಡುವಷ್ಟು ಒಣಗಬೇಕು. ಪ್ರತಿ ಮನೆಯ ಚೀಲಕ್ಕೆ ಬೇರೆ ನಂಬರ್ ಹಾಕಿ, ಯಾವ ಹೊಲ, ಯಾವ ಔಷಧಿ ಯಾವಾಗ ಹೊಡೆದದ್ದು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ನೋಟ್‌ಬುಕ್ಕೇ ನಿಮ್ಮ ಸಂಘದ ಬಂಡವಾಳ. ಔಷಧಿಯ ಲೆಕ್ಕ ಯಾಕೆ ಬೇಕು ಅನ್ನುವುದಕ್ಕೆ ಮಹಾರಾಷ್ಟ್ರದ ದ್ರಾಕ್ಷಿ ಬೆಳೆಗಾರರನ್ನು ಕೇಳಬೇಕು. 2010ರಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ರಾಸಾಯನಿಕದ ಅಂಶ ಸಿಕ್ಕಿತು ಅಂತ ಅವರ ಕಂಟೇನರುಗಳು ಯುರೋಪಿನಲ್ಲಿ ತಿರಸ್ಕಾರವಾಗಿ, ದೊಡ್ಡ ನಷ್ಟವೇ ಆಯಿತು.

ವ್ಯಾಪಾರಿಯನ್ನು ಬಿಡಬೇಕೇ ಅಂತ ಕೇಳಿದ್ದೀರಿ. ಬಿಡಬೇಡಿ, ಕರಾರು ಬರೆಸಿಕೊಳ್ಳಿ. ಗಿರಗಾಂವ್‌ನಲ್ಲಿ 1959ರಲ್ಲಿ ಏಳು ಹೆಂಗಸರು ₹80 ಸಾಲ ತಂದು ಶುರು ಮಾಡಿದ ಲಿಜ್ಜತ್ ಹಪ್ಪಳ ವಿದೇಶಕ್ಕೆ ಹೋಗುವುದೂ ರಫ್ತು ವ್ಯಾಪಾರಿಗಳ ಮೂಲಕವೇ. ಹಿಟ್ಟು, ಗುಣಮಟ್ಟ, ಹೆಸರು ಹೆಂಗಸರ ಕೈಯಲ್ಲಿ. ಹಡಗಿನ ಕಾಗದಪತ್ರ ಬೇರೆಯವರ ಕೈಯಲ್ಲಿ. ಇದರಲ್ಲಿ ಅವಮಾನವೇನೂ ಇಲ್ಲ.

ಕರಾರಿನಲ್ಲಿ ಒಂದು ಸಾಲು ಮಾತ್ರ ಬಿಡಬೇಡಿ: ಮಾಲು ಅಲ್ಲಿಂದ ವಾಪಸ್ ಬಂದರೆ ನಷ್ಟ ಯಾರದು? ಇದನ್ನು ಬರೆಯದಿದ್ದರೆ ಆ ನಷ್ಟ ಸುತ್ತಿ ಬಂದು ಅಣ್ಣನ ತಲೆ ಮೇಲೇ ಕೂರುತ್ತದೆ. ಲೋಡ್ ಮಾಡುವ ದಿನ ಇಬ್ಬರೂ ಎದುರಿದ್ದು ಸ್ಯಾಂಪಲ್ ತೆಗೆದು, ಮೂರು ಪೊಟ್ಟಣ ಮಾಡಿ ಸೀಲ್ ಹಾಕಿ. ಒಂದು ಲ್ಯಾಬಿಗೆ, ಒಂದು ವ್ಯಾಪಾರಿಗೆ, ಒಂದು ಸಂಘಕ್ಕೆ. ವರದಿ ಸರಿ ಬಂದ ಮೇಲೆ ದಾರಿಯಲ್ಲಿ ಏನೇ ಆದರೂ ಸಂಘ ಹೊಣೆಯಲ್ಲ ಅಂತ ಬರೆಸಿ. ಈ ಮಾತಿಗೆ ಒಪ್ಪದ ವ್ಯಾಪಾರಿ ಎಷ್ಟೇ ಒಳ್ಳೆಯ ರೇಟ್ ಹೇಳಿದರೂ ಬೇಡ.

ಬ್ಯಾಡಗಿ ಮೆಣಸಿನಕಾಯಿಗೆ 2011ರಿಂದ ಜಿಐ ಇದೆ, ಅಂದರೆ ಊರಿನ ಹೆಸರಿನ ಮಾಲಿಗೆ ಸಿಗುವ ಭೌಗೋಳಿಕ ಗುರುತು. ಅಣ್ಣ ಅಧಿಕೃತ ಬಳಕೆದಾರ ಅಂತ ಚೆನ್ನೈಯ ಜಿಐ ಕಚೇರಿಯಲ್ಲಿ ಹೆಸರು ಬರೆಸಿಕೊಳ್ಳಲಿ.

ಪ್ರಶ್ನೆ: ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಮೂಲ ಅಥಣಿ ಕಡೆ. ಇಟಲಿಯ ಫ್ಯಾಶನ್ ಕಂಪನಿ ಪ್ರಾಡಾ ಕೊಲ್ಹಾಪುರಿ ಚಪ್ಪಲಿ ಹೋಲುವ ಚಪ್ಪಲಿಯನ್ನು ಫ್ಯಾಶನ್ ಶೋದಲ್ಲಿ ತೋರಿಸಿದ್ದನ್ನು ನೋಡಿ ಹೊಟ್ಟೆ ಉರಿಯಿತು. ನಮ್ಮೂರಿನ ಚಪ್ಪಲಿ ಮಾಡುವ ಕಾಕಾಗಳಿಗೆ ವಿದೇಶಿ ಗಿರಾಕಿ ಹುಡುಕಿ ಕೊಡಬೇಕು ಅಂತಿದ್ದೇನೆ. ಜಿಐ ಇದ್ದೂ ಹೀಗಾಯಿತಲ್ಲ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಜಿಐ ಏನು ಮಾಡಬಲ್ಲದು ಅಂತ ಮೊದಲು ತಿಳಿದುಕೊಳ್ಳಿ. ಕೊಲ್ಹಾಪುರಿ ಚಪ್ಪಲಿಯ ಜಿಐ 2019ರಲ್ಲಿ ಸಿಕ್ಕಿದ್ದು ಎರಡೂ ರಾಜ್ಯಗಳಿಗೆ. ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಮಾಲೀಕರು ಎರಡು ಸರ್ಕಾರಿ ಚರ್ಮೋದ್ಯಮ ನಿಗಮಗಳು: ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ನಮ್ಮ ಲಿಡ್‌ಕರ್. ಆದರೆ ಭಾರತದ ಜಿಐ ಭಾರತದೊಳಗೆ ಮಾತ್ರ ನಡೆಯುತ್ತದೆ. ಅದು ಹೆಸರನ್ನು ಕಾಯುತ್ತದೆ, ಆಕಾರವನ್ನಲ್ಲ. ಡಾರ್ಜಿಲಿಂಗ್ ಚಹಾದವರು ಯುರೋಪಿನಲ್ಲಿ ಬೇರೆಯಾಗಿ ಅರ್ಜಿ ಹಾಕಿ 2011ರಲ್ಲಿ ಅಲ್ಲಿಯ ರಕ್ಷಣೆ ಪಡೆದರು. ಕರಕುಶಲ ವಸ್ತುಗಳಿಗೆ ಆ ಬಾಗಿಲು ಯುರೋಪಿನಲ್ಲಿ ತೆರೆದದ್ದೇ 2025ರ ಡಿಸೆಂಬರ್‌ನಲ್ಲಿ. ಎರಡು ನಿಗಮಗಳೂ ಅಲ್ಲಿ ಅರ್ಜಿ ಹಾಕುವಂತೆ ಒತ್ತಾಯಿಸುವುದು ನಿಮ್ಮಂಥವರ ಕೆಲಸ. ಪ್ರಾಡಾ ವಿರುದ್ಧ ಬಾಂಬೆ ಹೈಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಿದ್ದುಹೋಗಿದ್ದೂ, ಕೇಳಬೇಕಾದವರು ಜಿಐ ಮಾಲೀಕರು ಅನ್ನುವ ಕಾರಣಕ್ಕೇ.

ಆಮೇಲೆ ಪ್ರಾಡಾ ಈ ಎರಡು ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡು, ಸುಮಾರು 2,000 ಜೋಡಿ ಇಲ್ಲೇ ಮಾಡಿಸುವುದಾಗಿ ಹೇಳಿತು. ಒಳ್ಳೆಯದೇ. ಆದರೆ ಒಂದು ಸಲದ ಆರ್ಡರ್ ಬದುಕು ಕಟ್ಟಿಕೊಡುವುದಿಲ್ಲ. ತಿಂಗಳಿಗೆ ಇನ್ನೂರು ಜೋಡಿ, ವರ್ಷವಿಡೀ ಕೊಳ್ಳುವ ಸಾಮಾನ್ಯ ಅಂಗಡಿ ನಮ್ಮ ಕಾಕಾಗಳಿಗೆ ಎಷ್ಟೋ ಮೇಲು.

ಅಂಥ ಅಂಗಡಿಯವನು ಮೊದಲು ಕೇಳುವುದು ಸೈಜ್. ಒಂದೇ ಸೈಜಿನ ನೂರು ಜೋಡಿ, ಎಡ ಬಲ ಸಮ, ಕಿವಿ (ಪಕ್ಕದ ಪಟ್ಟಿ) ಹೊಲಿದ ಜಾಗ ಒಂದೇ. ಕೈಯಲ್ಲಿ ಮಾಡುವವರಿಗೆ ಇದು ಸುಲಭ ಅಲ್ಲ. ಯುರೋಪಿನ ಸೈಜಿನ ಮರದ ಅಚ್ಚುಗಳ ಒಂದು ಸೆಟ್ ಊರಿಗೆ ತರಿಸಿ ಕೊಡಿ. ನಿಮ್ಮ ಸಂಬಳದಲ್ಲಿ ಅದು ಭಾರವಾಗಲಾರದು.

ಎರಡನೆಯದು ತೊಗಲು. ಇಲ್ಲಿ ನಮ್ಮವರ ಕೈ ಮೇಲಾಗಿದೆ. ಚರ್ಮದ ಸಾಮಾನಿನಲ್ಲಿ ಕ್ರೋಮಿಯಂ-6 ಎಂಬ ವಿಷಕಾರಿ ಅಂಶ ಕಿಲೋಗೆ 3 ಮಿಲಿಗ್ರಾಂ ಮುಟ್ಟಿದರೆ ಯುರೋಪಿನಲ್ಲಿ ಮಾರುವಂತಿಲ್ಲ. ಕೊಲ್ಹಾಪುರಿ ತೊಗಲನ್ನು ಹದ ಮಾಡುವುದು ಜಾಲಿ ತೊಗಟೆ, ಅಳಲೆಕಾಯಿಯಿಂದ, ಕ್ರೋಮಿಯಂ ಸೋಕುವುದಿಲ್ಲ. ಇದನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ, ವರದಿಯನ್ನು ಪ್ರತಿ ಗಿರಾಕಿಗೂ ಕಳಿಸಿ. ಆದರೆ ಈ ತೊಗಲಿಗೆ ಬೂಷ್ಟು ಬೇಗ ಹಿಡಿಯುತ್ತದೆ. ಮಳೆಗಾಲದಲ್ಲಿ ಪ್ಯಾಕ್ ಮಾಡುವಾಗ ಸಾದಾ ಸಿಲಿಕಾ ಜೆಲ್ ಪೊಟ್ಟಣ ಇಡಿ. ಬೂಷ್ಟು ತಡೆಯುವ ಔಷಧಿ ಪೊಟ್ಟಣ ಅಂತ ಯಾರೋ ಕೊಟ್ಟದ್ದನ್ನು ನೋಡದೆ ಇಡಬೇಡಿ. ಅಂಥದ್ದರಲ್ಲಿ ಬಳಸುತ್ತಿದ್ದ ಡೈಮೀಥೈಲ್ ಫ್ಯೂಮರೇಟ್ ಯುರೋಪಿನಲ್ಲಿ 2009ರಿಂದ ನಿಷೇಧ, ಅದರಿಂದ ಕಾಲಿನ ಚರ್ಮವೇ ಸುಟ್ಟಂತೆ ಆಗುತ್ತಿತ್ತು.

ರೇಟ್ ಕಟ್ಟುವಾಗ ಒಂದು ವಿನಂತಿ. ವೇಣಿ, ಅಂದರೆ ಚಪ್ಪಲಿಯ ಮೇಲಿನ ತೊಗಲಿನ ಜಡೆ, ಹೆಣೆಯುವುದು ಮನೆಯ ಹೆಣ್ಣುಮಕ್ಕಳು. ಅವರ ಗಂಟೆಗಳನ್ನು ಯಾರೂ ಲೆಕ್ಕ ಹಾಕುವುದಿಲ್ಲ, "ಮನೆ ಕೆಲಸದ ಜೊತೆ ಸುಮ್ನೆ ಮಾಡ್ತಾರೆ" ಅಂದುಬಿಡುತ್ತಾರೆ. ಒಂದು ಜೋಡಿಗೆ ಅವರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಎದುರು ಕೂತು ನೋಡಿ, ಅದಕ್ಕೆ ಕೂಲಿ ಹಿಡಿದ ಮೇಲೆಯೇ ಗಿರಾಕಿಗೆ ಬೆಲೆ ಹೇಳಿ. ಶುರುವಿಗೆ ಇಪ್ಪತ್ತು ಮೂವತ್ತು ಜೋಡಿಗೆ ಕಂಟೇನರ್ ಬೇಕಿಲ್ಲ, ಅಂಚೆಯಲ್ಲೇ ಕಳಿಸಬಹುದು. ಡಾಕ್ ಘರ್ ನಿರ್ಯಾತ್ ಕೇಂದ್ರ ಅಂತ ಅಂಚೆ ಇಲಾಖೆ ಇದಕ್ಕೇ ತೆರೆದಿದೆ, ಕಸ್ಟಮ್ಸ್ ಕಾಗದವೂ ಅಲ್ಲೇ ಆನ್‌ಲೈನಿನಲ್ಲಿ ಆಗುತ್ತದೆ.

ಪ್ರಶ್ನೆ: ನಾವು ವಾಸ್ಕೋದಲ್ಲಿರುವ ಅಂಕೋಲಾದವರು. ಹೆಂಡತಿಯ ಗುಂಪು ಮುರುಗಲು (ಕೋಕಂ) ಸಿಪ್ಪೆ ಒಣಗಿಸಿ ಮಾರುತ್ತದೆ. ಇಂಟರ್‌ನೆಟ್ಟಿನಲ್ಲಿ ಪರಿಚಯವಾದ ಒಬ್ಬ ವಿದೇಶಿ ಖರೀದಿದಾರ 500 ಕಿಲೋ ಕೇಳುತ್ತಿದ್ದಾನೆ. ಹಣ 60 ದಿನದ ನಂತರವಂತೆ. ಮೊದಲು ನಾವೇ "ನೋಂದಣಿ ಶುಲ್ಕ" ಕಳಿಸಬೇಕಂತೆ. ನಂಬಬಹುದಾ?

ಉತ್ತರ: ಶುಲ್ಕ ಕಳಿಸಬೇಡಿ. ಕೊಳ್ಳುವವನು ಮಾರುವವನಿಂದ ಹಣ ಕೇಳುವ ಪದ್ಧತಿ ಯಾವ ವ್ಯಾಪಾರದಲ್ಲೂ ಇಲ್ಲ. ಅಷ್ಟು ಕೇಳಿದ ಮೇಲೆ ಅವನ ಜೊತೆ ಮಾತು ಮುಂದುವರಿಸುವುದೂ ಬೇಡ.

ಮುಂದೆ ನಿಜವಾದ ಗಿರಾಕಿ ಸಿಕ್ಕಾಗ ಮೊದಲ ಆರ್ಡರಿಗೆ ಪೂರ್ತಿ ಮುಂಗಡ ಕೇಳಿ. ಕೊಡದಿದ್ದರೆ ಅರ್ಧ ಮುಂಗಡ, ಉಳಿದದ್ದು ಬ್ಯಾಂಕಿನ ಮೂಲಕ: ಹಡಗಿನ ಮೂಲ ಕಾಗದಗಳು ನಿಮ್ಮ ಬ್ಯಾಂಕಿನಿಂದ ಅವನ ಬ್ಯಾಂಕಿಗೆ ಹೋಗಬೇಕು, ಅವನು ಹಣ ಕಟ್ಟಿದ ಮೇಲೆ ಮಾತ್ರ ಅವನ ಕೈಗೆ ಸಿಗಬೇಕು. ಆ ಕಾಗದಗಳನ್ನು ಕೊರಿಯರಿನಲ್ಲಿ ನೇರ ಅವನಿಗೆ ಕಳಿಸಿಬಿಟ್ಟರೆ ಮಾಲೂ ಹೋಯಿತು, ಹಣವೂ ಹೋಯಿತು. ಸಾಲಕ್ಕೇ ಕೊಡಬೇಕಾಗಿ ಬಂದರೆ, ಖರೀದಿದಾರ ಹಣ ಕೊಡದಿದ್ದಾಗ ನಷ್ಟ ತುಂಬಿಕೊಡುವ ಇಸಿಜಿಸಿ ವಿಮೆ ಮಾಡಿಸಿ. 1957ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ, ಮುಖ್ಯ ಕಚೇರಿ ಮುಂಬೈಯಲ್ಲಿ, ಸಣ್ಣ ರಫ್ತುದಾರರಿಗೆ ಬೇರೆ ಪಾಲಿಸಿ ಇದೆ. ಖರೀದಿದಾರನ ಹೆಸರು, ವಿಳಾಸ ಕೊಟ್ಟರೆ ಅವನಿಗೆ ಎಷ್ಟರವರೆಗೆ ಸಾಲ ಕೊಡಬಹುದು ಅಂತ ಅವರೇ ನೋಡಿ ಹೇಳುತ್ತಾರೆ. ಆ ಉತ್ತರ ಬರುವ ತನಕ ಮುರುಗಲನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ, ಕರಾವಳಿಯ ಗಾಳಿಗೆ ಅದು ಬೇಗ ತೇವ ಎಳೆದುಕೊಳ್ಳುತ್ತದೆ.