ಸ್ಪ್ರಿಂಟ್ ಕಾರ್ ರೇಸಿಂಗ್‌ನಲ್ಲಿ ಸ್ಟೀವ್ ಕಿನ್ಸರ್, ಡಾನಿ ಶಾಟ್ಸ್, ಕೈಲ್ ಲಾರ್ಸನ್ – ಇವ್ರಲ್ಲಿ ಯಾರು ದೊಡ್ಡೋರು? ಬೇರೆ ಬೇರೆ ಕಾಲದವ್ರನ್ನ ಹೋಲಿಸೋಕಾಗತ್ತಾ?

ಕಿನ್ಸರ್. ಆದ್ರೆ ನೀವು ಹೇಳಿರೋ ಕಾರಣಕ್ಕಲ್ಲ. "ವರ್ಲ್ಡ್ ಆಫ್ ಔಟ್‌ಲಾಸ್ ಚಾಂಪಿಯನ್‌ಶಿಪ್ ಕಿನ್ಸರ್‌ಗೆ 20, ಶಾಟ್ಸ್‌ಗೆ 10, ಲಾರ್ಸನ್‌ಗೆ ಒಂದೂ ಇಲ್ಲ, ಲೆಕ್ಕ ಮುಗೀತಲ್ವಾ" ಅಂತ ಪ್ರಶ್ನೆ ಕೆಳಗೆ ಬರ್ದಿದೀರಿ. (ವರ್ಲ್ಡ್ ಆಫ್ ಔಟ್‌ಲಾಸ್ ಅಂದ್ರೆ ಅಮೆರಿಕದಲ್ಲಿ ಊರೂರು ಸುತ್ತಿ ನಡೆಯೋ ದೊಡ್ಡ ಸ್ಪ್ರಿಂಟ್ ಕಾರ್ ಸೀರೀಸು.) ಮುಗ್ಯಲ್ಲ, ಅಸಲಿ ತಕರಾರು ಶುರುವಾಗೋದೇ ಆ ಲೆಕ್ಕದಿಂದ.

ನಾನಿರೋದು ಅಯೋವಾದ ಡೆ ಮೊಯ್ನ್‌ನಲ್ಲಿ, ನಾಕ್ಸ್‌ವಿಲ್ ಟ್ರ್ಯಾಕ್ ಇಲ್ಲಿಂದ ಮುಕ್ಕಾಲು ಗಂಟೆ ದಾರಿ, ಬೇಸಿಗೇಲಿ ಶನಿವಾರ ಸಂಜೆ ಆದ್ರೆ ಕಾಲು ಆ ಕಡೆಗೇ ಎಳಿಯತ್ತೆ. ಇಲ್ಲಿನ ನಮ್ಮ ಕನ್ನಡದವ್ರಿಗೆ ಸ್ಪ್ರಿಂಟ್ ಕಾರ್ ಅಂದ್ರೆ ಇವತ್ತಿಗೂ ಏನೂ ಗೊತ್ತಿಲ್ಲ, ಹಂಗಾಗಿ ಓದೋ ಬೇರೆಯವ್ರಿಗೋಸ್ಕರ ಎರಡು ಮಾತು. ಸುಮಾರು 640 ಕಿಲೋ ತೂಕದ ಗಾಡಿ, ಮೆಥನಾಲ್ ಕುಡಿಯೋ 410 ಕ್ಯೂಬಿಕ್ ಇಂಚಿನ ವಿ8 ಎಂಜಿನ್ನು, ಪವರ್ 900 ಹಾರ್ಸ್‌ಪವರ್ ಆಸುಪಾಸು, ತಲೆ ಮೇಲೆ ಐದಡಿಗೆ ಐದಡಿ ರೆಕ್ಕೆ. ಗೇರ್‌ಬಾಕ್ಸ್ ಇಲ್ಲ, ಸ್ಟಾರ್ಟರ್ರೂ ಇಲ್ಲ. ಹಿಂದಿನಿಂದ ಒಂದು ಪಿಕಪ್ ಟ್ರಕ್ ಬಂದು ಬಂಪರ್ ಕೊಟ್ಟು ತಳ್ಳತ್ತೆ, ಸ್ವಲ್ಪ ದೂರ ಗಾಡಿ ಸುಮ್ನೆ ಉರುಳತ್ತೆ, ಡ್ರೈವರ್ರು ಆಯಿಲ್ ಪ್ರೆಷರ್ ಬಂತಾ ನೋಡ್ಕೊಂಡು ಸ್ವಿಚ್ ಹಾಕ್ತಾನೆ, ಎಂಜಿನ್ ಒಂದ್ಸಲ ಕೆಮ್ಮಿ ಬೆಂಕಿ ಹಿಡಿದ ಮೇಲೆ ಪಕ್ಕದಲ್ಲಿ ಕೂತೋರ ಮಾತು ಕೇಳ್ಸಲ್ಲ. ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕು, ಒಂದು ಸುತ್ತಿಗೆ 15-16 ಸೆಕೆಂಡು. ಟರ್ನ್ ಒಂದರ ಹತ್ರ ಕೂತ್ರೆ ಕಪ್ಪು ಮಣ್ಣಿನ ಹೆಂಟೆ ಬಂದು ಕೋಕ್ ಕಪ್ಪಿಗೇ ಬೀಳತ್ತೆ, ಅದಕ್ಕೇ ಇಲ್ಲಿ ಹಳಬರು ಕಪ್ ಮೇಲೆ ಕೈ ಮುಚ್ಕೊಂಡೇ ಕೂತಿರ್ತಾರೆ.

ಸರಿ, ಟೈಟಲ್ ಲೆಕ್ಕಕ್ಕೆ ಬರೋಣ. ಔಟ್‌ಲಾಸ್ ಸೀರೀಸು ಶುರುವಾಗಿದ್ದು 1978ರಲ್ಲಿ, ಟೆಡ್ ಜಾನ್ಸನ್ ಅನ್ನೋರು ಮಾಡಿದ್ದು. ಅದಕ್ಕೂ ಮುಂಚೆ ಊರೂರು ತಿರುಗಿ ದುಡ್ಡು ಎಲ್ಲಿ ಜಾಸ್ತಿ ಇದ್ಯೋ ಅಲ್ಲಿ ಓಡಿಸ್ತಿದ್ದ ಯಾನ್ ಓಪರ್‌ಮನ್, ಕೆನಿ ವೆಲ್ಡ್ ತರದವ್ರಿಗೆ ಈ ಟೇಬಲ್‌ನಲ್ಲಿ ಜಾಗವೇ ಇಲ್ಲ. ಇಲ್ಲಿ ವರ್ಷಕ್ಕೊಂದ್ಸಲ ನಡೆಯೋ ದೊಡ್ಡ ರೇಸು ನಾಕ್ಸ್‌ವಿಲ್ ನ್ಯಾಷನಲ್ಸ್‌ನ ವೆಲ್ಡ್ ನಾಲ್ಕು ಸಲ ಗೆದ್ದಿದಾರೆ, ಔಟ್‌ಲಾಸ್ ಟೈಟಲ್ ಸೊನ್ನೆ, ಯಾಕಂದ್ರೆ ಔಟ್‌ಲಾಸ್ಸೇ ಇರ್ಲಿಲ್ಲ! ಸೊನ್ನೆ ನೋಡಿ ಅವ್ರನ್ನ ಚಿಕ್ಕವ್ರು ಅನ್ನೋಕಾಗತ್ತಾ.

ಇನ್ನೊಂದು, ಟೈಟಲ್ ಬೇಕು ಅಂದ್ರೆ ವರ್ಷಪೂರ್ತಿ ಟೂರಲ್ಲಿ ಇರ್ಬೇಕು. ಯಾರು ಯಾವ ವರ್ಷ ಇರ್ಲಿಲ್ಲ ಅನ್ನೋದನ್ನ ಪಕ್ಕದಲ್ಲಿ ಇಟ್ಕೊಂಡು ಲಿಸ್ಟ್ ಓದಿದ್ರೆ ಬೇರೆನೇ ಕಾಣತ್ತೆ. 1989ರಲ್ಲಿ ಬಾಬಿ ಡೇವಿಸ್ ಜೂನಿಯರ್ ಚಾಂಪಿಯನ್, ಆ ವರ್ಷ ಕಿನ್ಸರ್ ಎದುರಾಳಿ ಸೀರೀಸ್‌ಗೆ ಹೋಗಿದ್ರು. 1995ರಲ್ಲಿ ಡೇವ್ ಬ್ಲೇನಿ ಚಾಂಪಿಯನ್, ಕಿನ್ಸರ್ ಆ ವರ್ಷದ ಆರಂಭದಲ್ಲಿ ನ್ಯಾಸ್ಕಾರ್‌ಗೆ (ಸ್ಟಾಕ್ ಕಾರ್ ರೇಸಿಂಗ್) ಹೋಗಿ, ಅದು ಒಗ್ಗದೆ ಕೆಲವೇ ರೇಸಲ್ಲಿ ವಾಪಸ್ ಬಂದು, ಆಗಸ್ಟ್‌ನಲ್ಲಿ ನಾಕ್ಸ್‌ವಿಲ್ ನ್ಯಾಷನಲ್ಸ್ ಗೆದ್ದೇ ಬಿಟ್ರು. 2006ರಲ್ಲಿ ಮತ್ತೆ ಸೀರೀಸ್ ಒಡೀತು, ಕಿನ್ಸರ್ ನ್ಯಾಷನಲ್ ಸ್ಪ್ರಿಂಟ್ ಟೂರ್ ಅಂತ ಹೊಸದಕ್ಕೆ ಹೋದ್ರು, ಇತ್ಲಾಗೆ ಔಟ್‌ಲಾಸ್‌ನಲ್ಲಿ ಶಾಟ್ಸ್‌ಗೆ ಮೊದಲ ಟೈಟಲ್ ಬಂತು. ಇದನ್ನ ಹಿಡ್ಕೊಂಡು ಶಾಟ್ಸ್‌ನ ಕೆಲವರು ಹೀಯಾಳಿಸ್ತಾರೆ, ನಂಗೆ ಅದು ಸರಿ ಅನ್ಸಲ್ಲ, ಕಿನ್ಸರ್ ವಾಪಸ್ ಬಂದ ಮೇಲೂ 2007, 08, 09 ಮೂರೂ ಶಾಟ್ಸೇ ಗೆದ್ದಿದ್ದು. ಈಗಲೂ ಅದೇ ಕಥೆ ನಡೀತಿದೆ: ಸತತ ಐದು ಟೈಟಲ್ ಗೆದ್ದ ಬ್ರಾಡ್ ಸ್ವೀಟ್, ಬಾಮೈದ ಲಾರ್ಸನ್ ಜೊತೆ ಸೇರಿ ಹೈ ಲಿಮಿಟ್ ಅಂತ ಸ್ವಂತ ಸೀರೀಸ್ ಕಟ್ಕೊಂಡು 2024ರಲ್ಲಿ ಆ ಕಡೆ ಹೋದ್ರು, ಔಟ್‌ಲಾಸ್ ಟೈಟಲ್ ಡೇವಿಡ್ ಗ್ರಾವೆಲ್‌ಗೆ ಬಂತು. ಮುಂದೆ ಯಾರೋ ಗ್ರಾವೆಲ್ ಬಗ್ಗೆನೂ ಇದೇ ಜಗಳ ಆಡ್ತಾರೆ ನೋಡ್ತಿರಿ.

ಹಾಗಾದ್ರೆ ಅಳತೆ ಯಾವುದು? ನನ್ನ ಪ್ರಕಾರ ನಾಕ್ಸ್‌ವಿಲ್ ನ್ಯಾಷನಲ್ಸ್. 1961ರಿಂದ ನಡೀತಿದೆ, ಸೀರೀಸ್ ರಾಜಕೀಯ ಏನೇ ಇರ್ಲಿ ಆಗಸ್ಟ್‌ನಲ್ಲಿ ಎಲ್ರೂ ಅಲ್ಲಿಗೆ ಬರ್ತಾರೆ, 100ರ ಹತ್ರ ಕಾರು ಬಂದು ಕೊನೇ ರಾತ್ರಿ ಎ-ಮೇನ್‌ಗೆ, ಅಂದ್ರೆ ಫೈನಲ್ ರೇಸ್‌ಗೆ, ಉಳಿಯೋದು ಅದ್ರಲ್ಲಿ ಕಾಲು ಭಾಗ. ಅಲ್ಲಿ ಕಿನ್ಸರ್ 12, ಶಾಟ್ಸ್ 11. ನೋಡಿದ್ರಾ, 20-10 ಅಂತಿದ್ದಿದ್ದು 12-11ಕ್ಕೆ ಬಂತು. ಲಾರ್ಸನ್ ಕೂಡ 2021, 2023, 2024 ಮೂರು ಗೆದ್ದಿದಾರೆ, ಅದೂ ನ್ಯಾಸ್ಕಾರ್‌ನ ಟಾಪ್ ಸೀರೀಸ್ ಆದ ಕಪ್ ಪೂರ್ತಿ ಓಡಿಸ್ತಾ. 2021ರಲ್ಲಿ ಶನಿವಾರ ರಾತ್ರಿ ಇಲ್ಲಿ ಗೆದ್ದು ಮಾರನೇ ದಿನ ಇಂಡಿಯಾನಾಪೊಲಿಸ್‌ನಲ್ಲಿ ಕಪ್ ರೇಸ್‌ಗೆ ಕೂತಿದ್ರು ಆ ಮನುಷ್ಯ.

ಅಷ್ಟು ಹತ್ರ ಇದ್ರೂ ನಾನು ಕಿನ್ಸರ್ ಅನ್ನೋದು ಯಾಕೆ ಅಂದ್ರೆ ಆ ಗೆಲುವುಗಳು ಹರಡಿರೋ ರೀತಿ. ಮೊದಲ ನ್ಯಾಷನಲ್ಸ್ 1980ರಲ್ಲಿ, ಕೊನೇದು 2002ರಲ್ಲಿ. ಆ ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಎಂಜಿನ್ ಬದಲಾಯ್ತು, ಟೈರ್ ಬದಲಾಯ್ತು, ರೆಕ್ಕೆ ಬದಲಾಯ್ತು, ಪಕ್ಕದಲ್ಲಿ ಓಡಿಸೋರು ಒಂದು ತಲೆಮಾರೇ ಬದಲಾದ್ರು, ಅವ್ರ ಕಾರಿನ ಓನರ್ ಕೂಡ ಬದಲಾದ್ರು. ಕಾರ್ಲ್ ಕಿನ್ಸರ್ ಅನ್ನೋ ಮೆಕ್ಯಾನಿಕ್ ಕಟ್ಟಿದ ನಂಬರ್ 11 ಕಾರಲ್ಲಿ 1987ರಲ್ಲಿ ಸ್ಟೀವ್ ಒಂದೇ ಸೀಸನ್ನಿಗೆ 46 ರೇಸ್ ಗೆದ್ದಿದ್ರು, ಆಗ ಜನ "ಅದು ಕಾರ್ಲ್ ಕೈಚಳಕ" ಅಂತಿದ್ರು. ಕಾರ್ಲ್‌ನ ಬಿಟ್ಟು ಬಂದ ಮೇಲೂ ಸ್ಟೀವ್‌ಗೆ ಟೈಟಲ್ ಬರ್ತಾನೇ ಇತ್ತು, ಕೊನೇದು 2005ರಲ್ಲಿ, 51ನೇ ವಯಸ್ಸಲ್ಲಿ. ಒಟ್ಟು 690 ಔಟ್‌ಲಾಸ್ ಗೆಲುವು, ಎರಡನೇ ಸ್ಥಾನದ ಸ್ಯಾಮಿ ಸ್ವಿಂಡೆಲ್ 400 ಮುಟ್ಟಿಲ್ಲ.

ಹಳೇ ವಿಡಿಯೋ ಸಿಕ್ರೆ ಕಿನ್ಸರ್ ಟ್ರಾಫಿಕ್‌ನಲ್ಲಿ ಏನ್ ಮಾಡ್ತಾರೆ ಅದನ್ನ ನೋಡಿ, ಲೀಡ್‌ನಲ್ಲಿ ಒಬ್ರೇ ಹೋಗೋವಾಗ ಅಲ್ಲ. ಅರ್ಧ ಮೈಲಿ ಟ್ರ್ಯಾಕಲ್ಲಿ 24 ಕಾರು ಅಂದ್ರೆ ಕೆಲವೇ ಸುತ್ತಲ್ಲಿ ಲೀಡರ್ರು ಬಾಲ ಹಿಡಿದೇ ಹಿಡೀತಾನೆ, ಅಲ್ಲಿಂದ ಮುಂದೆ ರೇಸ್ ಪೂರ್ತಿ ನಿಧಾನದ ಕಾರುಗಳ ಸಂದಿಲೇ. ಮುಂದಿನ ಕಾರಿನ ರೆಕ್ಕೆ ಗಾಳಿ ಕೆಡಿಸಿ ನಿಮ್ಮ ಗಾಡಿ ಮೂತಿ ತಿರುಗೋದೇ ಇಲ್ಲ. ಬೇರೆಯವ್ರು ಅಲ್ಲಿ ಒಂದು ಕ್ಷಣ ಥ್ರಾಟಲ್ ಬಿಡ್ತಾರೆ. ಕಿನ್ಸರ್ ಮುಂದಿನವನು ಎಲ್ಲಿ ಜಾರ್ತಾನೆ ಅಂತ ಮೊದ್ಲೇ ಗೊತ್ತಿರೋ ತರ ಆ ಜಾಗಕ್ಕೆ ಮುಂಚೇನೇ ಗಾಡಿ ಇಟ್ಟಿರ್ತಾರೆ.

ಶಾಟ್ಸ್ ಬೇರೆ ಜಾತಿ. ಟ್ರ್ಯಾಕ್ ಒಣಗಿ ನುಣುಪಾಗಿ ಹಿಡಿತ ಇಲ್ದೇ ಹೋದಾಗ ಬಲ ಹಿಂದಿನ ಟೈರ್ ಉಳಿಸ್ಕೊಂಡು ಕೊನೇ ಹತ್ತು ಸುತ್ತಿಗೆ ಬರ್ತಾರೆ, ಮೊದಲರ್ಧ ನೋಡಿದ್ರೆ ಈ ಮನುಷ್ಯ ರೇಸಲ್ಲಿ ಇದಾರೋ ಇಲ್ವೋ ಅನ್ಸತ್ತೆ. ಎಲ್ರಿಗೂ ಹೆಚ್ಚು ಕಮ್ಮಿ ಒಂದೇ ಟೈರು, ಒಂದೇ ತರದ ಎಂಜಿನ್ ಇರೋ ಈ ಕಾಲದಲ್ಲಿ ಹತ್ತು ಟೈಟಲ್ ಅಂದ್ರೆ 80ರ ದಶಕದ ಹತ್ತಕ್ಕಿಂತ ತೂಕ ಜಾಸ್ತಿ, ಇದನ್ನ ಕಿನ್ಸರ್ ಅಭಿಮಾನಿಯಾಗೇ ಒಪ್ಕೋತೀನಿ.

ಲಾರ್ಸನ್ ವಿಷ್ಯದಲ್ಲಿ, ಒಂದೇ ಒಂದು ರಾತ್ರಿ, ಗೊತ್ತಿಲ್ಲದ ಟ್ರ್ಯಾಕು, ಬೇರೆ ಯಾರದೋ ಕಾರು ಅಂದ್ರೆ ನಾನು ಕಣ್ಮುಚ್ಚಿ ಲಾರ್ಸನ್ ಮೇಲೆ ದುಡ್ಡು ಕಟ್ತೀನಿ, ಮೂವರಲ್ಲಿ ಬರೀ ಕೈಯ ವೇಗ ಅವ್ರದ್ದೇ ಜಾಸ್ತಿ ಇರ್ಬೋದು. ಆದ್ರೆ ವಾರಕ್ಕೆ ಮೂರು ರಾತ್ರಿ, ನಡುವೆ ರಾತ್ರಿಯೆಲ್ಲಾ ಟ್ರಕ್ ಪ್ರಯಾಣ, ಫೆಬ್ರವರಿಯಿಂದ ನವೆಂಬರ್ ತನಕ, ಆ ಪರೀಕ್ಷೆಗೆ ಅವ್ರಿನ್ನೂ ಕೂತಿಲ್ಲ. ಕೂತ್ರೆ ಮತ್ತೆ ಮಾತಾಡೋಣ.

ನಿಮ್ಮ ಪಟ್ಟೀಲಿ ಡಗ್ ವುಲ್ಫ್‌ಗ್ಯಾಂಗ್ ಹೆಸರೇ ಇಲ್ಲ, ಅದಕ್ಕೆ ಮಾತ್ರ ಬೇಜಾರು. ಐದು ನ್ಯಾಷನಲ್ಸ್, ಕಿನ್ಸರ್ ಮತ್ತು ಸ್ವಿಂಡೆಲ್ ಜೊತೆ ಬಿಗ್ ತ್ರೀ ಅಂತ ಕರೀತಿದ್ದಿದ್ದು ಇವ್ರನ್ನೇ, ಕಿನ್ಸರ್ ಉತ್ತುಂಗದಲ್ಲಿದ್ದಾಗ ಮುಖಾಮುಖಿ ಸೋಲಿಸ್ತಿದ್ದ ಬೆರಳೆಣಿಕೆ ಜನರಲ್ಲಿ ಒಬ್ರು. 1992ರಲ್ಲಿ ಕ್ಯಾನ್ಸಸ್ ಸಿಟಿಯ ಲೇಕ್‌ಸೈಡ್‌ನಲ್ಲಿ ಕಾರು ಬೆಂಕಿ ಹತ್ಕೊಂಡು ಭಾರೀ ಸುಟ್ಟ ಗಾಯ ಆಯ್ತು, ಆಮೇಲೆ ವಾಪಸ್ ಬಂದ್ರೂ ಹಳೇ ವುಲ್ಫ್‌ಗ್ಯಾಂಗ್ ಬರ್ಲಿಲ್ಲ. ಔಟ್‌ಲಾಸ್ ಟೈಟಲ್ ಒಂದೂ ಇಲ್ಲ, ಆದ್ರೂ ನನ್ನ ಲಿಸ್ಟಲ್ಲಿ ಕಿನ್ಸರ್, ಶಾಟ್ಸ್, ವುಲ್ಫ್‌ಗ್ಯಾಂಗ್, ನಾಲ್ಕನೇದು ಸದ್ಯಕ್ಕೆ ಲಾರ್ಸನ್. ಓಪರ್‌ಮನ್‌ನ ಎಲ್ಲಿ ಇಡೋದು ಅಂತ ಕೇಳ್ಬೇಕಿದ್ರೆ ಬೇರೆ ಪ್ರಶ್ನೆ ಹಾಕಿ, ಅದು ಇಷ್ಟುದ್ದದ ಇನ್ನೊಂದು ಉತ್ತರ.