ಕೋಟೆ ಬಿಡಿ, ಕೊಟ್ಟಿಗೆಯಿಂದ ಶುರುಮಾಡಿ

ನಮಸ್ಕಾರ.

ಸ್ವಾತಂತ್ರ್ಯಕ್ಕಾಗಿ ನಡೆದ ಯುದ್ಧಗಳ ಸಿನಿಮಾಗಳು ನಮ್ಮನ್ನೇಕೆ ಸೆಳೆಯುತ್ತವೆ ಎಂದು ಸಕಲೇಶಪುರದಿಂದ ನೀವು ಬರೆದು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ವಿಷಯ ಗಟ್ಟಿಯಾಗಿದೆ, ಅದರ ಮೇಲೆ ನಿಮಗೆ ಪ್ರೀತಿಯೂ ಇದೆ. ಆದರೆ 1,800 ಪದಗಳಲ್ಲಿ ಒಂದೇ ಒಂದು ದೃಶ್ಯವಿಲ್ಲ. ‘ಮೈನವಿರೇಳಿಸುವ’ ಎಂಬ ಮಾತು 11 ಕಡೆ ಬಂದಿದೆ. ನವಿರೆದ್ದ ಗಳಿಗೆಯಲ್ಲಿ ಪರದೆಯ ಮೇಲೆ ಏನಿತ್ತು, ಕಿವಿಗೆ ಏನು ಬೀಳುತ್ತಿತ್ತು ಎಂಬುದು ಎಲ್ಲೂ ಇಲ್ಲ.

ನೀವು ಸ್ವಾತಂತ್ರ್ಯ ಎಂಬ ದೊಡ್ಡ ಮಾತಿನಿಂದಲೇ ಶುರುಮಾಡಿದ್ದೀರಿ. ಇಂಗ್ಲೆಂಡಿನ ವಿರುದ್ಧ ಸ್ಕಾಟ್ಲೆಂಡಿನ ಹೋರಾಟದ ಸಿನಿಮಾ, ನೀವೇ ಹೆಸರಿಸಿದ ‘ಬ್ರೇವ್‌ಹಾರ್ಟ್’ (1995) ಹಾಗೆ ಮಾಡುವುದಿಲ್ಲ. ಊರಿಗೆ ಮರಳಿದ ನಾಯಕ ವಿಲಿಯಂ ವಾಲೇಸ್‌ಗೆ ಬೇಕಿರುವುದು ಹೊಲ, ಮನೆ, ಮದುವೆ. ಇಂಗ್ಲಿಷರು ಹೆಂಡತಿಯ ಕತ್ತು ಕೊಯ್ದ ಮೇಲೆ ಅವನು ಆಯುಧ ಹಿಡಿಯುತ್ತಾನೆ. ಸ್ವಾತಂತ್ರ್ಯದ ಭಾಷಣ ಬರುವುದು ಅದಕ್ಕೂ ಎಷ್ಟೋ ಹೊತ್ತಿನ ನಂತರ. ಸ್ಕಾಟ್ಲೆಂಡ್ ಎಲ್ಲಿದೆಯೆಂದು ಗೊತ್ತಿಲ್ಲದ ಪ್ರೇಕ್ಷಕನಿಗೂ ಮನೆಗೆ ನುಗ್ಗಿದವನ ಮೇಲಿನ ಸಿಟ್ಟು ಗೊತ್ತು. ಇದು ನಮಗೆ ಹೊಸದೇನಲ್ಲ. ನಮ್ಮ ವೀರಗಲ್ಲುಗಳ ಶಾಸನಗಳಲ್ಲಿ ಸಾವಿಗೆ ಕಾರಣವಾಗಿ ಮತ್ತೆ ಮತ್ತೆ ಬರುವ ಪದಗಳನ್ನು ನೋಡಿ: ತುರುಗೋಳ್, ಊರಳಿವು, ಪೆಣ್ಬುಯ್ಯಲ್. ದನ ಹೊಡೆದುಕೊಂಡು ಹೋದರು, ಊರು ಹಾಳುಮಾಡಿದರು, ಹೆಣ್ಣಿನ ಮೈಮೇಲೆ ಕೈಹಾಕಿದರು. ಹೋರಾಟ ಕೊಟ್ಟಿಗೆಯಿಂದ, ಹೊಸ್ತಿಲಿಂದ ಶುರುವಾಗುತ್ತದೆ. ನಿಮ್ಮ ಲೇಖನವೂ ಅಲ್ಲಿಂದಲೇ ಶುರುವಾಗಲಿ.

ಎರಡನೆಯದು, ಯುದ್ಧದ ದೃಶ್ಯ. ಅದರ ಬಗ್ಗೆ ‘ಅದ್ಭುತವಾಗಿ ಚಿತ್ರಿಸಲಾಗಿದೆ’ ಎಂದು ಬರೆದು ಮುಂದೆ ಹೋಗಿದ್ದೀರಿ. ಅದೇ ಸಿನಿಮಾದ ಸ್ಟರ್ಲಿಂಗ್ ಕದನದಲ್ಲಿ ನಾಲ್ಕು ನಿಮಿಷವನ್ನು ಆರಿಸಿಕೊಳ್ಳಿ. ಕುದುರೆ ಸವಾರರು ದೂರದಿಂದ ನುಗ್ಗಿ ಬರುತ್ತಾರೆ. ಸ್ಕಾಟರು ನಿಂತಲ್ಲೇ ನಿಂತಿದ್ದಾರೆ, ತಡೆಯಿರಿ ತಡೆಯಿರಿ ಎಂದು ನಾಯಕ ಕೂಗುತ್ತಲೇ ಇದ್ದಾನೆ, ಕೊನೆಯ ಗಳಿಗೆಯಲ್ಲಿ ನೆಲದಿಂದ ಉದ್ದನೆಯ ಈಟಿಗಳು ಏಳುತ್ತವೆ. ಎದೆ ಬಡಿದುಕೊಳ್ಳುವುದು ರಕ್ತ ಚೆಲ್ಲಿದಾಗಲ್ಲ, ಆ ತಡೆಯಲ್ಲಿ. ಈ ಭಾಗವನ್ನು ಮೂರು ಸಲ ನೋಡಿ. ಮೊದಲು ಸುಮ್ಮನೆ. ಆಮೇಲೆ ಧ್ವನಿ ಪೂರ್ತಿ ನಿಲ್ಲಿಸಿ, ಶಾಟು ಬದಲಾದಾಗಲೆಲ್ಲ ಹಾಳೆಯ ಮೇಲೆ ಒಂದು ಗೆರೆ ಹಾಕಿ; ಗೆರೆಗಳು ಎಲ್ಲಿ ಒತ್ತೊತ್ತಾಗುತ್ತವೆ ನೋಡಿ. ಕೊನೆಗೆ ಕಣ್ಣು ಮುಚ್ಚಿ ಕೇಳಿ: ಗೊರಸಿನ ಸದ್ದು ಎಲ್ಲಿ ಏರಿತು, ಸಂಗೀತ ಎಲ್ಲಿ ನಿಂತಿತು. ಸಮಯ, ಕಂಡದ್ದು, ಕೇಳಿದ್ದು ಎಂದು ಮೂರು ಕಾಲಂ ಮಾಡಿಕೊಂಡರೆ ಲೇಖನದ ಅರ್ಧ ಅಲ್ಲೇ ಸಿಕ್ಕಿಬಿಡುತ್ತದೆ. ಇನ್ನೂ ಒಂದನ್ನು ಗಮನಿಸಿ. ಒಂದು ಪಡೆ ಎಡದಿಂದ ಬಲಕ್ಕೆ ಹೊರಟರೆ ಕದನದುದ್ದಕ್ಕೂ ಸಾಮಾನ್ಯವಾಗಿ ಅದೇ ದಿಕ್ಕಿನಲ್ಲಿ ಇರಬೇಕು. ಆ ದಿಕ್ಕು ತಪ್ಪಿದ ಸಿನಿಮಾಗಳಲ್ಲಿ ಯಾರು ಯಾರನ್ನು ಕಡಿಯುತ್ತಿದ್ದಾರೆ ಎಂದೇ ತಿಳಿಯದೆ ಪ್ರೇಕ್ಷಕ ಮೊಬೈಲ್ ತೆಗೆಯುತ್ತಾನೆ.

‘ಇತಿಹಾಸವನ್ನು ಇದ್ದಂತೆಯೇ ಕಣ್ಣಿಗೆ ಕಟ್ಟಿದೆ’ ಎಂಬ ನಿಮ್ಮ ವಾಕ್ಯ ತಪ್ಪು, ಅದನ್ನು ತೆಗೆಯಿರಿ. 1297ರ ಸೆಪ್ಟೆಂಬರ್ 11ರ ಆ ಕದನ ನಡೆದದ್ದು ಒಂದು ಕಿರಿದಾದ ಸೇತುವೆಯ ಬಳಿ. ಇಂಗ್ಲಿಷ್ ಸೇನೆಯ ಒಂದು ಭಾಗ ದಾಟಿ ಬರುವವರೆಗೆ ಕಾದು ಸ್ಕಾಟರು ಮೇಲೆರಗಿದರು. ಗೆಲುವಿಗೆ ಸೇತುವೆಯೇ ಕಾರಣ. ಸಿನಿಮಾದಲ್ಲಿ ಸೇತುವೆಯೇ ಇಲ್ಲ. ವಾಲೇಸ್‌ಗೆ ಸರಿಸಮನಾಗಿ ಸೇನೆ ನಡೆಸಿದ ಆಂಡ್ರ್ಯೂ ಮೊರೆಯೂ ಇಲ್ಲ. ಸಿನಿಮಾದಲ್ಲಿ ಸ್ಕಾಟರು ಉಟ್ಟ ಕಿಲ್ಟ್ ಎಂಬ ನೆರಿಗೆಯ ಉಡುಪು ಬಳಕೆಗೆ ಬಂದದ್ದು ಆ ಕದನವಾದ ಎಷ್ಟೋ ತಲೆಮಾರುಗಳ ಮೇಲೆ. ಹೀಗೆ ತಪ್ಪು ಎಣಿಸಿ ನಿಲ್ಲಿಸಬೇಡಿ, ‘ಸಿನಿಮಾ ಅಲ್ಲವೇ’ ಎಂದು ಬಿಟ್ಟುಬಿಡಲೂ ಬೇಡಿ. ಬದಲಾವಣೆಯಿಂದ ಏನು ಸಿಕ್ಕಿತು, ಏನು ಹೋಯಿತು ಎಂದು ಬರೆಯಿರಿ. ಬಯಲು ಸಿಕ್ಕಿದ್ದರಿಂದ ಎದುರುಬದುರು ಮುಖಗಳು ಸಿಕ್ಕವು, ಒಬ್ಬನೇ ನಾಯಕ ಉಳಿದದ್ದರಿಂದ ಕಣ್ಣು ಅವನ ಮೇಲೆ ನೆಟ್ಟಿತು. ಹೋದದ್ದು ಯುದ್ಧದ ಬುದ್ಧಿ.

ಸೋಲಿನ ಕಥೆಯೂ ಏಕೆ ಉಬ್ಬಿಸುತ್ತದೆ ಎಂಬ ನಿಮ್ಮ ಪ್ರಶ್ನೆ ಒಳ್ಳೆಯದು, ಉತ್ತರ ಮಾತ್ರ ತೆಳು. ವಾಲೇಸ್‌ನನ್ನು ಲಂಡನ್ನಿನಲ್ಲಿ ಕೊಂದದ್ದು 1305ರಲ್ಲಿ. ಸಿನಿಮಾ ಅಲ್ಲಿಗೆ ನಿಲ್ಲದೆ ಸ್ಕಾಟರು ಗೆದ್ದ 1314ರ ಬ್ಯಾನಕ್‌ಬರ್ನ್ ಕದನಕ್ಕೆ ಹಾರುತ್ತದೆ. ಒಂಬತ್ತು ವರ್ಷದ ಅಂತರ ಕೆಲವೇ ನಿಮಿಷಗಳಲ್ಲಿ ಅಳಿಸಿಹೋಗಿ, ಸಾವು ಕಥೆಯ ಕೊನೆಯಾಗದೆ ನಡುವೆ ಉಳಿಯುತ್ತದೆ. ವೀರಗಲ್ಲಿನ ಅಂಕಣಗಳೂ ಹೀಗೆಯೇ: ಕೆಳಗೆ ಕಾದಾಟ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ಅದೇ ವೀರ. ಕಣ್ಣು ಕೆಳಗಿನಿಂದ ಮೇಲಕ್ಕೆ ಹೋಗಬೇಕು. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ಚೆನ್ನಮ್ಮ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣ ಇವರ ಸಿನಿಮಾಗಳಿಗೆ ಬರುವಾಗ ಮೇಲಿನ ಅಂಕಣವನ್ನು ಪ್ರೇಕ್ಷಕನೇ ತರುತ್ತಾನೆ. ಅವನಿಗೆ 1947 ಗೊತ್ತಿದೆ. ಕಿತ್ತೂರಿನ ಬಗ್ಗೆ ಬರೆಯುವಾಗ ಈಸ್ಟ್ ಇಂಡಿಯಾ ಕಂಪನಿಯ ಪಡೆಯಲ್ಲಿ ನಮ್ಮವರೇ ಆದ ಸಿಪಾಯಿಗಳೂ ಇದ್ದದ್ದನ್ನು ಮರೆಯಬೇಡಿ. ‘ನಾವು’, ‘ಅವರು’ ಎಂಬ ನೇರ ಗೆರೆಗೆ ತೊಡಕಾಗುವುದು ಅವರೇ.

ನಿಮ್ಮ ಇಡೀ ಲೇಖನದಲ್ಲಿ ನನಗೆ ಹಿಡಿಸಿದ್ದು ಮಂಜರಾಬಾದ್ ಕೋಟೆಯ ಒಂದು ಸಾಲು. ಅದನ್ನೂ ‘ಮುಗಿಲೆತ್ತರದ ಕೋಟೆ’ ಎಂದು ಕೆಡಿಸಿದ್ದೀರಿ. ಟಿಪ್ಪು ಕಟ್ಟಿಸಿದ ಆ ಕೋಟೆಯ ಬಲ ಎತ್ತರದ ಬುರುಜಿನಲ್ಲಿಲ್ಲ, ಎಂಟು ಮೂಲೆಯ ನಕ್ಷತ್ರದ ಆಕಾರದಲ್ಲಿದೆ: ಒಂದು ಮೂಲೆಯ ಗೋಡೆಗೆ ಬಂದವನ ಮೇಲೆ ಪಕ್ಕದ ಮೂಲೆಯಿಂದ ಗುಂಡು ಹಾರಿಸಬಹುದು. ಆ ಸೀಮೆಯಲ್ಲೇ ಬಲಂ ಪಾಳೆಯಗಾರ ವೆಂಕಟಾದ್ರಿ ನಾಯಕ ಕಂಪನಿಗೆ ತಲೆಬಾಗದೆ ನಿಂತ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಗೆದ್ದ ಆರ್ಥರ್ ವೆಲ್ಲೆಸ್ಲಿಯೇ 1802ರಲ್ಲಿ ಅರಕೆರೆಯ ಕಾಡಿಗೆ ಸೇನೆ ತಂದ. ನಾಯಕನನ್ನು ಹಿಡಿದು ಗಲ್ಲಿಗೇರಿಸಿದರು. ದಟ್ಟ ಕಾಡಿನ ಯುದ್ಧದಲ್ಲಿ ಕುದುರೆ ಸಾಲು ಓಡುವ ಬಯಲೆಲ್ಲಿ? ಇದನ್ನು ಸಿನಿಮಾ ಮಾಡುವವರು ಆ ನಾಲ್ಕು ನಿಮಿಷದ ತಡೆಯನ್ನು ಮಳೆ, ಜಿಗಣೆ, ಬಿದಿರುಮೆಳೆಗಳ ನಡುವೆ ಹೇಗೆ ಕಟ್ಟಬೇಕು? ಈ ಪ್ರಶ್ನೆಗೆ ಕೊನೆಯ ಮುನ್ನೂರು ಪದ ಮೀಸಲಿಡಿ. ಸಕಲೇಶಪುರದಲ್ಲಿ ಕೂತು ಬರೆಯುವ ನಿಮಗೆ ಆ ಕಾಡು ಕೈಯಳತೆಯಲ್ಲಿದೆ.

ಒಟ್ಟು 900 ಪದ ದಾಟಬೇಡಿ. ಎಂಟು ಸಿನಿಮಾಗಳ ಹೆಸರಿನಲ್ಲಿ ಆರನ್ನು ಬಿಡಿ. ಯುನಿಕೋಡ್‌ನಲ್ಲೇ ಕಳಿಸಿ. ಹಳೆಯ ಫಾಂಟಿನಿಂದ ಬದಲಿಸಿದ್ದರಿಂದ ಈ ಸಲ ಅರ್ಕಾವೊತ್ತುಗಳು ಬಹಳ ಕಡೆ ಸ್ಥಳ ತಪ್ಪಿವೆ.

ಸಂಪಾದಕ, ಹಾಸನ